ಕತ್ತರಿ ಕುದಿಯುವಷ್ಟು ಹೊತ್ತು

ಆಲಿಸ್ ಬಾಯಿಯ ಖಾಕಿ ಚೀಲವನ್ನು ಸೊಸೆ ಪ್ಯಾಟ್ರಿಶಿಯಾ ಮೂರು ಸಲ ಅಟ್ಟಕ್ಕೆ ಹಾಕಿದ್ದಳು. ಮೂರು ಸಲವೂ ಅದು ಮರುದಿನ ಬೆಳಿಗ್ಗೆ ಎದುರು ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಅರುವತ್ತೊಂಬತ್ತು ವರ್ಷದ ಮುದುಕಿ ಒಂದು ಚೀಲಕ್ಕಾಗಿ ಏಣಿ ಹತ್ತುವುದೆಂದರೆ ಅದೆಂಥ ಹಟ ಇರಬೇಕು ಹೇಳಿ! ಕೊನೆಗೆ ಪ್ಯಾಟ್ರಿಶಿಯಾ ಕೈಮುಗಿದಳು. "ಮಾಂಯ್, ನೀವು ಬಿದ್ದು ಸೊಂಟ ಮುರಿದುಕೊಂಡ್ರೆ ನೋಡುವುದು ನಾನೇ ಅಲ್ವಾ? ಇರಲಿ ಅದು ಅಲ್ಲಿಯೇ" ಎಂದು ಸೋಲೊಪ್ಪಿಕೊಂಡಳು.

ಚೀಲದಲ್ಲಿ ಬಂಗಾರವೇನೂ ಇರಲಿಲ್ಲ. ಒಂದು ಕತ್ತರಿ, ಎರಡು ಚಿಮುಟ, ನೂಲಿನ ಉಂಡೆ, ಸೋಪು, ಬೆಂಕಿಪೆಟ್ಟಿಗೆ, ಹರಿದು ಮಡಚಿಟ್ಟ ಹಳೆಯ ಹತ್ತಿ ಸೀರೆ, ಅಷ್ಟೆ. ಕಲ್ಯಾಣಪುರದ ಸುತ್ತಮುತ್ತ ಮೂವತ್ತಾರು ವರ್ಷ ಸರಕಾರಿ ದಾದಿಯಾಗಿ ಹೆರಿಗೆ ಮಾಡಿಸಿ, ಊರವರಿಂದ ಗೌರವದಿಂದ 'ಬಾಯಿ' ಎನಿಸಿಕೊಂಡ ಅವಳು ನಿವೃತ್ತಳಾಗಿ ಹನ್ನೊಂದು ವರ್ಷವಾಗಿತ್ತು. ಈಗ ಮನೆಯಲ್ಲಿ ಯಾರು ಹೆರುತ್ತಾರೆ? ನೋವು ಎಂದ ಕೂಡಲೇ ರಿಕ್ಷಾ ಹತ್ತಿ ಉಡುಪಿಗೋ ಮಣಿಪಾಲಕ್ಕೋ ಓಡುತ್ತಾರೆ. ಓಡಬೇಕಾದದ್ದೇ, ಬಾಯಿಯೂ ಅದನ್ನೇ ಹೇಳುತ್ತಿದ್ದಳು. ಆದರೂ ಪ್ರತಿ ಶನಿವಾರ ಸಂಜೆ ಇಗರ್ಜಿಯ ಗಂಟೆ ಬಾರಿಸಿದ ಕೂಡಲೇ ಎದುರು ಬಾಗಿಲಿನ ಎರಡೂ ಕದ ತೆರೆದಿಟ್ಟು, ಒಲೆಯ ಮೇಲೆ ಪಾತ್ರೆ ಏರಿಸಿ, ಕತ್ತರಿ ಚಿಮುಟಗಳನ್ನು ಮುಳುಗಿಸಿ, ನೀರು ಮರಳಿದಾಗ ತೇರ್ಸ್ ಸುರು ಮಾಡುತ್ತಿದ್ದಳು. ತೇರ್ಸ್ ಎಂದರೆ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ದಿನಾ ಸಂಜೆ ನಡೆಯುವ ಜಪಮಾಲೆ. ಪ್ರಾರ್ಥನೆಯ ಮೊದಲರ್ಧವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಮನೆಮಂದಿ ಹೇಳಬೇಕು. ಅದು ಮುಗಿಯಲು ಇಪ್ಪತ್ತು ನಿಮಿಷ. ಕತ್ತರಿ ಕುದಿಯಬೇಕಾದದ್ದೂ ಇಪ್ಪತ್ತೇ ನಿಮಿಷ. ಕೈಗಡಿಯಾರ ಕೊಳ್ಳಲಾಗದ ಕಾಲದಲ್ಲಿ ಕಲಿತ ಅಂದಾಜು ಅದು. ಆಮೇಲೆ ಗಡಿಯಾರ ಬಂದರೂ ಬಾಯಿ ತೇರ್ಸನ್ನೇ ನಂಬಿದಳು.

ಆ ವರ್ಷ, ಎಂದರೆ ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ, ಕ್ರಿಸ್ಮಸ್ ಶನಿವಾರವೇ ಬಿತ್ತು. ಮನೆ ತುಂಬ ನೆಂಟರು, ನೆರೆಮನೆಗಳಿಗೆ ಹೋಗಬೇಕಾದ ಹಬ್ಬದ ತಿಂಡಿ ಕುಸ್ವಾರಿನ ತಟ್ಟೆಗಳು ಸಾಲಾಗಿ ಕಾದಿವೆ, ಬಾಯಿ ಮಾತ್ರ ಹಂದಿಮಾಂಸದ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ ಕತ್ತರಿ ಕುದಿಸುತ್ತಿದ್ದಾಳೆ! ಪ್ಯಾಟ್ರಿಶಿಯಾಳ ಮುಖ ನೋಡಬೇಕಿತ್ತು.

"ಇವತ್ತಾದ್ರೂ ಬಿಡಬಾರದಾ ಮಾಂಯ್? ಹಬ್ಬ ಅಲ್ವಾ?"

"ಹಬ್ಬ ಎಂತಕ್ಕೆ ಹೇಳು? ಒಂದು ಹೆಂಗಸಿಗೆ ಹೆರಲಿಕ್ಕೆ ಯಾರೂ ಬಾಗಿಲು ತೆಗೆಯದ ದಿನ ಇದು. ಇವತ್ತು ಕುದಿಸದೆ ಮತ್ತೆ ಯಾವತ್ತು ಕುದಿಸುವುದು?"

ಸೊಸೆ ಮುಖ ಊದಿಸಿಕೊಂಡು ಹೋದಳು. ಆದರೆ ಅವಳ ತಲೆ ತಿನ್ನುತ್ತಿದ್ದದ್ದು ಅತ್ತೆಯ ಕತ್ತರಿಯಲ್ಲ, ರೊಸಾರಿಯೊ ಹಂಚಿದ ಕಾಗದ.

ರೊಸಾರಿಯೊ ಆ ವಾಡೆಯ ಗುರ್ಕಾರ. ಹತ್ತಿಪ್ಪತ್ತು ಕ್ರೈಸ್ತ ಮನೆಗಳಿಗೆ ಒಬ್ಬ ಮುಖಂಡ ಎನ್ನಿ. ಹದಿನಾಲ್ಕು ವರ್ಷ ಕುವೈತಿನಲ್ಲಿದ್ದು ಬಂದವನು, ಕೆಟ್ಟವನಲ್ಲ, ಆದರೆ ಹೆದರಿಕೆಯನ್ನೇ ಭಕ್ತಿ ಎಂದುಕೊಂಡವನು. ಎಲ್ಲಿಂದಲೋ ಬಂದ ಒಂದು ಜೆರಾಕ್ಸ್ ಹಾಳೆ ಅವನ ಕೈಗೆ ಸಿಕ್ಕಿತ್ತು. ಎರಡು ಸಾವಿರದ ಇಸವಿ ಕಾಲಿಡುವ ಹೊತ್ತಿಗೆ ಮೂರು ದಿನ ಲೋಕಕ್ಕೆ ಕತ್ತಲೆ ಕವಿಯುತ್ತದಂತೆ. ಕರೆಂಟು ಕೆಲಸ ಮಾಡುವುದಿಲ್ಲವಂತೆ. ಆಶೀರ್ವಾದ ಮಾಡಿಸಿದ ಮೇಣದಬತ್ತಿ ಮಾತ್ರ ಉರಿಯುತ್ತದಂತೆ, ಅದೂ ಸಿದ್ಧರಾಗಿರುವ ವಿಶ್ವಾಸಿಗಳ ಮನೆಯಲ್ಲಿ. ಬೇರೆಯವರ ಮನೆಯಲ್ಲಿ ಕಡ್ಡಿ ಗೀರಿ ಗೀರಿ ಸಾಯಬೇಕಂತೆ. ಬಾಗಿಲು ಹಾಕಿದ ಮೇಲೆ ಯಾರು ಬಂದು ತಟ್ಟಿದರೂ ತೆಗೆಯಬಾರದು, ಸೈತಾನ ಪರಿಚಯದವರ ಸ್ವರದಲ್ಲಿಯೇ ಕರೆಯುತ್ತಾನೆ, ಹೆತ್ತ ತಾಯಿಯ ಸ್ವರದಲ್ಲಿಯೂ ಕರೆದಾನು. ಇದೆಲ್ಲ ಬುರುಡೆ, ಯಾರೂ ನಂಬಬೇಡಿ ಎಂದು ಇಗರ್ಜಿಯ ಪಾದ್ರಿ ವಿಗಾರರು ಪೂಜೆಯ ಮಧ್ಯೆ ಪ್ರವಚನದಲ್ಲೇ ಹೇಳಿದ್ದರು. ಹೆದರಿದವರ ಕಿವಿಗೆ ಅದು ಹೋದರೆ ತಾನೆ!

ಕ್ರಿಸ್ಮಸ್ಸಿಗೆ ಮುಂಚಿನ ಅಡ್ವೆಂತಿನ ವಾರಗಳಲ್ಲಿ ಒಂದು ಸಂಜೆ ಪ್ರಾರ್ಥನಾಕೂಟದಲ್ಲಿ ರೊಸಾರಿಯೊ ಒಬ್ಬೊಬ್ಬರನ್ನೇ ನೋಡಿ "ನೀವು ಸಿದ್ಧರಿದ್ದೀರಾ?" ಎಂದು ಕೇಳುತ್ತಾ ಬಂದ. ಎಲ್ಲರೂ ತಲೆ ತಗ್ಗಿಸಿದರು. ಆಲಿಸ್ ಬಾಯಿಯ ಸರದಿ ಬಂದಾಗ ಅವಳು, "ಶನಿವಾರವೇ ಕುದಿಸಿ ಇಟ್ಟಿದ್ದೇನೆ ಮಾರಾಯ" ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ರೊಸಾರಿಯೊನಿಗೆ ಅದು ಹಿಡಿಸಲಿಲ್ಲ.

ಶುಕ್ರವಾರ, ಡಿಸೆಂಬರ್ ಮೂವತ್ತೊಂದು. ಮಧ್ಯಾಹ್ನ ಮೂರು ಗಂಟೆಗೆ ಬಾಗಿಲು ಹಾಕಬೇಕೆಂದು ಕಾಗದದಲ್ಲಿತ್ತು. ಗಟ್ಟಿ ಬಾಗಿಲು ಇರುವುದು ಬಾಯಿಯ ಮಗ ಲಿಗೋರಿಯ ಮನೆಗೆ ಎಂದು ನಾಲ್ಕು ಮನೆಯವರು ಅಲ್ಲಿಯೇ ಬಂದು ಸೇರಿದ್ದರು. ಹದಿನಾಲ್ಕು ಜನ, ಒಂದು ಮೂಟೆ ಅಕ್ಕಿ, ಎರಡು ಹಂಡೆ ನೀರು, ದೇವರ ಪೀಠದ ಮೇಲೆ ಆಶೀರ್ವಾದದ ಹನ್ನೆರಡು ಮೇಣದಬತ್ತಿ. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿತ್ತು. ಒಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಆದರೂ ಎಲ್ಲರೂ ಬೆವರುತ್ತಿದ್ದರು. ಬಾಯಿಗೆ ನಗುವೂ ಸಿಟ್ಟೂ ಒಟ್ಟಿಗೇ ಬಂದಿತ್ತು. ಮಗನ ಮನೆ, ಮಗನ ಇಷ್ಟ ಎಂದು ಬಾಯಿಗೆ ಬೀಗ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದಳು. ಎಂಟು ವರ್ಷದ ಮೊಮ್ಮಗಳು ಜೆಸಿಂತಾ ಕಾಗದದ ಅಂಚನ್ನು ಉಗುರಿನಿಂದ ಕೆರೆದು ಇಣುಕಿ, "ಅಜ್ಜೀ, ಹೊರಗೆ ಬಿಸಿಲುಂಟು" ಎಂದಳು. ಪ್ಯಾಟ್ರಿಶಿಯಾ ಅವಳನ್ನು ದರದರನೆ ಎಳೆದು ಕೂರಿಸಿದಳು.

ನಾಲ್ಕು ಗಂಟೆ ಹೊಡೆದಿರಬೇಕು. ಬಾಗಿಲು ಧಡಧಡ ಸದ್ದಾಯಿತು.

"ನರ್ಸಬಾಯಾರ! ಬಾಗ್ಲಾ ತಗೀರಿ! ಶಿಲ್ಪಾಗ ಬ್ಯಾನಿ ಸುರು ಆಗ್ಯಾವ್ರೀ! ನೀರ ಒಡದೈತಿ!"

ಯಮನವ್ವನ ಸ್ವರ. ಬಾಗಲಕೋಟೆ ಕಡೆಯವಳು, ಎದುರಿನ ಗದ್ದೆಯಲ್ಲಿ ಏಳುತ್ತಿದ್ದ ಕಟ್ಟಡದ ಕೆಲಸಕ್ಕೆ ಬಂದು, ಪಕ್ಕದ ತಗಡಿನ ಶೆಡ್ಡಿನಲ್ಲಿ ಮಗಳು ಶಿಲ್ಪಾ, ಅಳಿಯ ದುರ್ಗೇಶನ ಜೊತೆ ಇದ್ದವಳು. ಬೆಳಿಗ್ಗೆ ಬಂದು ಈ ಮನೆಯ ಪಾತ್ರೆಯನ್ನೂ ತಿಕ್ಕಿ ಹೋಗುತ್ತಿದ್ದಳು. ಶಿಲ್ಪಾಳ ಹೊಟ್ಟೆಯನ್ನು ಬಾಯಿಯೇ ಎರಡು ಸಲ ಮುಟ್ಟಿ ನೋಡಿ ಉಡುಪಿಯ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದ್ದಳು. ದಿನ ತುಂಬಲು ಇನ್ನೂ ಮೂರು ವಾರ ಇತ್ತು.

ಬಾಯಿ ಎದ್ದು ನಿಂತಳು. ರೊಸಾರಿಯೊ ಅವಳಿಗಿಂತ ಮೊದಲು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟ. "ಯಾರೂ ಅಲ್ಲಾಡಬೇಡಿ. ಕಾಗದದಲ್ಲಿ ಬರೆದ ಹಾಗೆಯೇ ಆಗ್ತಾ ಉಂಟು. ಪರಿಚಯದ ಸ್ವರ!"

"ಸೈತಾನನಿಗೆ ಬಾಗಲಕೋಟೆ ಕನ್ನಡ ಬರ್ತದಾ ರೊಸಾರಿಯೊ?"

"ಅವನಿಗೆ ಎಲ್ಲಾ ಭಾಷೆ ಬರ್ತದೆ ಬಾಯಿ."

"ಹಾಗಾದ್ರೆ ಕೊಂಕಣಿಯೂ ಬರ್ಬೇಕು. ಮೂರು ತಿಂಗಳಿಂದ ನೀನು ನಮ್ಮನ್ನು ಹೆದರಿಸಿದ್ದು ಕೊಂಕಣಿಯಲ್ಲೇ ಅಲ್ವಾ?"

ಹೊರಗೆ ಯಮನವ್ವ ಅಳುತ್ತಿದ್ದಳು. "ಬಾಯಾರ, ದುರ್ಗೇಶ ರಿಕ್ಷಾ ತರಾಕ ಓಡ್ಯಾನ್ರೀ, ಒಂದೂ ಸಿಗವಲ್ದು! ಕೂಸಿನ ತಲಿ ಕಾಣಾಕತ್ತೈತ್ರೀ!"

ತಲೆ ಕಾಣುತ್ತಿದೆ! ಇನ್ನು ರಿಕ್ಷಾ ಬಂದರೂ ಪ್ರಯೋಜನ ಇಲ್ಲ, ಇನ್ನು ಇರುವುದು ನಿಮಿಷಗಳ ಮಾತು ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಬಾಯಿಗೆ ಒಬ್ಬಳಿಗೇ. ಅವಳು ಮೊಳೆಯಿಂದ ಚೀಲ ತೆಗೆದಳು.

"ಅಮ್ಮ, ಬೇಡ," ಲಿಗೋರಿ ಅವಳ ಕೈ ಹಿಡಿದ. ನಲವತ್ತು ದಾಟಿದ ಗಂಡಸು, ಕೈ ತಣ್ಣಗಾಗಿತ್ತು. "ಒಂದು ವೇಳೆ ನಿಜ ಆಗಿದ್ರೆ? ನೀನು ಹೊರಗೆ ಇರುವಾಗಲೇ ಆದ್ರೆ?"

ನಿಜ ಹೇಳಬೇಕೆಂದರೆ ಬಾಯಿಯೂ ಒಂದು ಕ್ಷಣ ಹೆದರಿದಳು. ಅವಳೂ ಸಾವಿಗೆ ತಯಾರಿ ಮಾಡಿಕೊಂಡವಳೇ. ಮದುವೆಯ ಸೀರೆಯನ್ನು ಮಡಚಿ, ಮೇಲೊಂದು ಶಿಲುಬೆ ಇಟ್ಟು, ಶವಪೆಟ್ಟಿಗೆಯಲ್ಲಿ ಮಲಗಿಸುವಾಗ ಉಡಿಸಲಿಕ್ಕೆ ಇದೇ ಎಂದು ಪ್ಯಾಟ್ರಿಶಿಯಾಗೆ ತೋರಿಸಿಯಾಗಿತ್ತು. ಆ ಸೀರೆ ಇಲ್ಲದೆ, ಪಾದ್ರಿ ಇಲ್ಲದೆ, ಗದ್ದೆಯ ಬದುವಿನಲ್ಲಿ ಬಿದ್ದು ಸತ್ತರೆ? ಸತ್ತರೆ ಸತ್ತೆ ಎಂದುಕೊಂಡಳು. ಮೂವತ್ತಾರು ವರ್ಷ ದೇವರು ತನ್ನನ್ನು ನೋಡಿದ್ದು ಈ ಚೀಲ ಹಿಡಿದು ಓಡುವುದನ್ನೇ. ಕೊನೆಯ ದಿನವೂ ಹಾಗೆಯೇ ನೋಡಿದರೆ ಗುರುತಾದರೂ ಸಿಕ್ಕೀತು. ಬಾಗಿಲು ಹಾಕಿಕೊಂಡು ಕೂತರೆ ಇವಳು ಯಾರು ಎಂದು ಕೇಳಿಯಾನು.

"ಸರಿ ಆಚೆ, ರೊಸಾರಿಯೊ."

"ಇಲ್ಲ ಬಾಯಿ. ಒಮ್ಮೆ ಹೋದ್ರೆ ಮತ್ತೆ ಬಾಗಿಲು ತೆಗೆಯುವುದಿಲ್ಲ. ಮೂರು ದಿನ ತೆಗೆಯುವುದಿಲ್ಲ."

"ತೆಗೆಯಬೇಡ." ಬಾಯಿ ಅವನ ಎದೆಯ ಹತ್ತಿರ ಹೋಗಿ ನಿಂತಳು. ಅವಳ ತಲೆ ಅವನ ಭುಜಕ್ಕೂ ಬರುತ್ತಿರಲಿಲ್ಲ. "ನೀನು ಕಾಲು ಮುಂದೆ ಮಾಡಿ ಹುಟ್ಟಿದವನು, ಗೊತ್ತುಂಟಾ? ಜೋರು ಮಳೆ, ಹೊಳೆಯಲ್ಲಿ ನೆರೆ. ನಿನ್ನ ಅಪ್ಪ ಬಂದು ನನ್ನ ಬಾಗಿಲು ತಟ್ಟಿದ. ಇದು ಸೈತಾನ ಅಂತ ಹೇಳಿ ನಾನು ಅವತ್ತು ಕಂಬಳಿ ಹೊದ್ದು ಮಲಗಿದ್ರೆ ಈ ಜೆರಾಕ್ಸ್ ಹಂಚಲಿಕ್ಕೆ ನೀನು ಇರ್ತಿದ್ದೆಯಾ ಮಾರಾಯ?"

ರೊಸಾರಿಯೊನ ಮುಖ ಕೆಂಪಾಯಿತು, ಆದರೆ ಕಾಲು ಪಕ್ಕಕ್ಕೆ ಸರಿಯಿತು. ಬಾಯಿ ಚಿಲಕಕ್ಕೆ ಕೈ ಹಾಕಿದವಳು ಏನೋ ನೆನಪಾಗಿ ತಿರುಗಿ, ದೇವರ ಪೀಠದ ಬಳಿಗೆ ಹೋಗಿ ಆರು ಮೇಣದಬತ್ತಿ ಎತ್ತಿಕೊಂಡಳು. ಯಮನವ್ವನ ಶೆಡ್ಡಿಗೆ ಕರೆಂಟಿಲ್ಲ, ಕಿಟಕಿಯೂ ಇಲ್ಲ.

"ಮಾಂಯ್, ಕ್ಯಾಂಡಲ್ ಬೇಡ!" ಪ್ಯಾಟ್ರಿಶಿಯಾ ಕಿರುಚಿದಳು.

"ಅರ್ಧ ನಿಮಗೆ ಬಿಟ್ಟಿದ್ದೇನಲ್ಲ."

"ಅದು ಅಲ್ಲಿ ಹತ್ತುವುದಿಲ್ಲ ಬಾಯಿ," ರೊಸಾರಿಯೊ ಹೇಳಿದ. ಸ್ವರ ಸಣ್ಣದಾಗಿತ್ತು, ಆದರೂ ಹೇಳಿದ. "ಅವರು ಬೇರೆ ಜನ. ಆ ಮನೆಯಲ್ಲಿ ಹತ್ತುವುದಿಲ್ಲ."

"ಹತ್ತದಿದ್ರೆ ವಾಪಸು ತಂದು ಕೊಡ್ತೇನೆ."

ಹೊರಗೆ ಕಣ್ಣು ಕೋರೈಸುವ ಬಿಸಿಲು. ಹಿಂದೆ ಚಿಲಕ ಬಿದ್ದ ಸದ್ದು ಕೇಳಿಸಿತು. ಬಾಯಿ ತಿರುಗಿ ನೋಡಲಿಲ್ಲ, ಯಮನವ್ವನ ತೋಳು ಹಿಡಿದು ಗದ್ದೆಗೆ ಇಳಿದಳು.

ಶೆಡ್ಡಿನೊಳಗೆ ಕಾಲಿಟ್ಟರೆ ಏನೂ ಕಾಣುತ್ತಿರಲಿಲ್ಲ. ಶಿಲ್ಪಾ ಚಾಪೆಯ ಮೇಲೆ ಹಲ್ಲು ಕಚ್ಚಿ ನರಳುತ್ತಿದ್ದಳು. ಬಾಯಿ ಸೋಪು ಹಚ್ಚಿ ಕೈ ತೊಳೆದು, ಚೀಲದಿಂದ ಬೆಂಕಿಪೆಟ್ಟಿಗೆ ತೆಗೆಸಿ, "ಹಚ್ಚು ಯಮನವ್ವ" ಎಂದಳು.

ಮೊದಲ ಕಡ್ಡಿಗೇ ಹತ್ತಿತು.

ಬಾಯಿಗೆ ಹುಚ್ಚು ಖುಷಿಯಾಯಿತು. ಅಲ್ಲಿಯೇ ನಿಂತು ಗಟ್ಟಿಯಾಗಿ ನಗಬೇಕೆನಿಸಿತು. ಆದರೆ ನಗಲು ಪುರುಸೊತ್ತು ಎಲ್ಲಿದೆ? "ಇನ್ನೆರಡು ಹಚ್ಚು, ಹತ್ತಿರ ಹಿಡಿ, ಇನ್ನೂ ಹತ್ತಿರ. ಶಿಲ್ಪಾ, ಈಗ ತಿಣುಕಬೇಡ ಮಗಾ, ನಾನು ಹೇಳಿದಾಗ." ತಲೆ ಬಂತು. ಕುತ್ತಿಗೆಗೆ ಕರುಳಬಳ್ಳಿ ಎರಡು ಸುತ್ತು! ಒಂದು ಸುತ್ತು ಬಿಡಿಸಿದಳು, ಇನ್ನೊಂದು ಬಿಗಿದಿತ್ತು. ಎರಡು ಚಿಮುಟ ಹಾಕಿ ನಡುವೆ ಕತ್ತರಿಸಿದಳು. ಕಳೆದ ಶನಿವಾರ, ಕ್ರಿಸ್ಮಸ್ಸಿನ ದಿನ ಕುದಿಸಿಟ್ಟ ಕತ್ತರಿ.

ಹೊರಬಂದ ಕೂಸು ನೀಲಿ. ಸದ್ದಿಲ್ಲ. ಬಾಯಿ ಬಟ್ಟೆ ಸುತ್ತಿದ ಬೆರಳಿನಿಂದ ಅದರ ಬಾಯಿ ಒರೆಸಿ, ಬೆನ್ನು ತಿಕ್ಕಿ, ಅಂಗಾಲಿಗೆ ಬಡಿದು, ಮೂಗುಬಾಯಿಯ ಮೇಲೆ ಬಾಯಿಟ್ಟು ಮೆಲ್ಲಗೆ ಊದಿದಳು. "ದ್ಯಾಮವ್ವಾ, ನನ್ನವ್ವಾ, ಕಾಪಾಡ ತಾಯೀ" ಎಂದು ಯಮನವ್ವ ಒಂದೇ ಸಮನೆ ಕರೆಯುತ್ತಿದ್ದಳು. ಕರಗಿದ ಮೇಣ ಅವಳ ಮಣಿಕಟ್ಟಿನ ಮೇಲೆ ಸುರಿಯುತ್ತಿತ್ತು, ಆದರೆ ಕೈ ಒಂದಿಷ್ಟೂ ಅಲುಗಲಿಲ್ಲ. "ಸಾಯ್ಬಿಣ್ ಮಾಯ್" ಎಂದು ಬಾಯಿ ತನ್ನ ತಾಯಿ ಮರಿಯಮಾತೆಯನ್ನು ಕರೆದಳು. ಮತ್ತೆ ಊದಿದಳು. ಮತ್ತೆ ತಿಕ್ಕಿದಳು. ಒಂದು ಸಲ ಬಿಕ್ಕಿದಂತಾಯಿತು. ಆಮೇಲೆ ಕೂಸು ಕಿರುಚಿದ್ದು ಎಂಥ ಕಿರುಚು ಅಂತೀರಿ! ತಗಡೆಲ್ಲ ಗುಂಯ್ ಎಂದಿತು. ಹೆಣ್ಣು.

ಕೂಸಿನ ಹಿಂದೆ ಬರುವ ಕಸ ಪೂರ್ತಿ ಬೀಳುವ ತನಕ ಬಾಯಿ ಏಳಲಿಲ್ಲ. ಮೊದಲ ಮೂರು ಬತ್ತಿ ಮುಗಿದು ಉಳಿದ ಮೂರನ್ನೂ ಹಚ್ಚಬೇಕಾಯಿತು. ಅಷ್ಟರಲ್ಲಿ ದುರ್ಗೇಶ ಸಂತೆಕಟ್ಟೆಯಿಂದ ರಿಕ್ಷಾ ತಂದ. ತಿಂಗಳು ತುಂಬದ ಕೂಸು, ಡಾಕ್ಟರು ನೋಡಲೇಬೇಕು ಎಂದು ಬಾಯಿ ಗದರಿಸಿ ಎಲ್ಲರನ್ನೂ ಉಡುಪಿಗೆ ಹತ್ತಿಸಿದಳು. ಯಮನವ್ವ ಕಾಲು ಹಿಡಿಯಲು ಬಾಗಿದಾಗ, "ಹೋಗು ಮಾರಾಯ್ತಿ, ಮಗುವನ್ನು ಬೆಚ್ಚಗೆ ಹಿಡ್ಕೊ" ಎಂದು ತಳ್ಳಿದಳು.

ಮನೆಯ ಅಂಗಳಕ್ಕೆ ಬಂದಾಗ ಹೊತ್ತು ಮುಳುಗುತ್ತಿತ್ತು. ಸೀರೆಯ ತುಂಬ ರಕ್ತ, ಸೊಂಟ ಹಿಡಿದುಕೊಂಡಿತ್ತು. ಬಾಯಿ ಬಾಗಿಲು ತಟ್ಟಿದಳು.

"ಲಿಗೋರಿ, ನಾನು. ತೆಗೆ."

ಒಳಗೆ ಪಿಸುಪಿಸು. ಆಮೇಲೆ ರೊಸಾರಿಯೊನ ಸ್ವರ: "ಯಾರೂ ಮಾತಾಡಬೇಡಿ. ತಾಯಿಯ ಸ್ವರದಲ್ಲಿ ಬರ್ತದೆ ಅಂತ ಮೊದಲೇ ಬರೆದುಂಟು."

"ಲಿಗೋರಿ!"

ಮಗ ಬಾಗಿಲ ಆಚೆಗೇ ನಿಂತಿದ್ದಾನೆ, ಅವನ ಉಸಿರು ಕೇಳಿಸುತ್ತಿದೆ, ಆದರೂ ತೆಗೆಯುತ್ತಿಲ್ಲ. ಬಾಯಿಯ ಎದೆ ಒಡೆದುಹೋಯಿತು. ಇಡೀ ಊರಿನ ಮಕ್ಕಳನ್ನು ಹೊರಗೆ ತಂದವಳಿಗೆ ತನ್ನ ಮಗನನ್ನೇ ಬಾಗಿಲಿನಿಂದ ಹೊರಗೆ ತರಲಾಗುತ್ತಿಲ್ಲವಲ್ಲ! ಕಣ್ಣೀರು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದಾಯಿತು. ಇನ್ನೊಮ್ಮೆ ತಟ್ಟುವುದಿಲ್ಲ ಎಂದು ನಿಶ್ಚಯಿಸಿದಳು. ಮೂರು ದಿನವಲ್ಲ, ಮೂವತ್ತು ದಿನವಾದರೂ ಇನ್ನು ಬೇಡಿಕೊಳ್ಳುವವಳು ಅವಳಲ್ಲ.

ಅಷ್ಟರಲ್ಲಿ ಇಗರ್ಜಿಯ ಗಂಟೆ ಬಾರಿಸಿತು. ದಿನಾ ಬಾರಿಸುವ ಹಾಗೆಯೇ ಬಾರಿಸಿತು.

ಕತ್ತರಿ ಬಳಸಿಯಾಗಿದೆ, ಕುದಿಸಬೇಕು. ಶನಿವಾರದ ತನಕ ಕಾಯುವ ಹಾಗಿಲ್ಲ, ಇವತ್ತು ಇನ್ನೊಬ್ಬಳು ಬಂದರೆ? ಬಾಯಿ ಅಂಗಳದಲ್ಲಿ ಮೂರು ಕಲ್ಲು ಹೂಡಿ, ತೆಂಗಿನ ಸಿಪ್ಪೆಗೆ ಬೆಂಕಿ ಹಚ್ಚಿ, ಬಾವಿಕಟ್ಟೆಯ ಪಾತ್ರೆಯಲ್ಲಿ ನೀರಿಟ್ಟಳು. ಕತ್ತರಿ, ಚಿಮುಟಗಳನ್ನು ತೊಳೆದು ಹಾಕಿದಳು. ನೀರು ಮರಳಿತು. ಅವಳು ಬಾಗಿಲ ಕಡೆ ಮುಖ ಮಾಡಿ ನೆಲಕ್ಕೆ ಕೂತು, ಜಪಮಾಲೆ ತೆಗೆದು, ಓಣಿಯ ಕೊನೆಗೂ ಕೇಳುವಷ್ಟು ಗಟ್ಟಿಯಾಗಿ ಸುರು ಮಾಡಿದಳು.

"ನಮಾನ್ ಮರಿಯೆ..."

ಮೊದಲರ್ಧ ಹೇಳಿ ನಿಲ್ಲಿಸಿದಳು. ಉಳಿದರ್ಧ ಅವಳದಲ್ಲ, ಮನೆಯವರದು. ಹೇಳಿದರೆ ಅವರೇ ಹೇಳಬೇಕು. ಒಳಗೆ ಸದ್ದಿಲ್ಲ. ಎರಡನೆಯದನ್ನು ಹೇಳಿ ನಿಲ್ಲಿಸಿದಳು. ಸದ್ದಿಲ್ಲ. ಮೂರನೆಯದಕ್ಕೆ ಬಾಗಿಲಿನ ಸಂದಿಯಿಂದ ಒಂದು ಸಪೂರ ಸ್ವರ ಬಂತು. ಜೆಸಿಂತಾ. ಅಜ್ಜಿ ಅರ್ಧ ಹೇಳಿದ ಮೇಲೆ ಸುಮ್ಮನಿರಲು ಆ ಮಗುವಿಗೆ ಯಾರೂ ಕಲಿಸಿರಲಿಲ್ಲ. ನಾಲ್ಕನೆಯದಕ್ಕೆ ಪ್ಯಾಟ್ರಿಶಿಯಾ ಸೇರಿದಳು, ಅಳುತ್ತಾ ಸೇರಿದಳು. ಐದು, ಆರು ಎನ್ನುವಷ್ಟರಲ್ಲಿ ಒಳಗಿದ್ದವರೆಲ್ಲ ತಮಗೆ ತಿಳಿಯದೆಯೇ ಹೇಳತೊಡಗಿದ್ದರು. ಹುಟ್ಟಿದಂದಿನಿಂದ ದಿನಾ ಸಂಜೆ ಹೇಳಿದ ಪ್ರಾರ್ಥನೆ, ಅದನ್ನು ಅರ್ಧದಲ್ಲಿ ಬಿಡಲು ಯಾರಿಂದಲೂ ಆಗಲಿಲ್ಲ. "ಸುಮ್ಮನಿರಿ, ಸುಮ್ಮನಿರಿ" ಎಂದು ರೊಸಾರಿಯೊ ಗದರಿಸುವುದು ಮೊದಮೊದಲು ಕೇಳುತ್ತಿತ್ತು. ಆಮೇಲೆ ಕೇಳಿಸಲಿಲ್ಲ.

ಚಿಲಕ ತೆಗೆದದ್ದು ಲಿಗೋರಿ.

"ಅಮ್ಮ... ಒಳಗೆ ಬಾ ಅಮ್ಮ."

"ನಾನು ಬರುವುದಿಲ್ಲ. ನೀವು ಹೊರಗೆ ಬನ್ನಿ."

ಬಂದರು. ಮೊದಲು ಜೆಸಿಂತಾ ಓಡಿ ಬಂದು ಅಜ್ಜಿಯ ಪಕ್ಕ ಕೂತಳು. ಪ್ಯಾಟ್ರಿಶಿಯಾ ಅತ್ತೆಯ ರಕ್ತದ ಸೀರೆ ನೋಡಿ ತನ್ನ ಸೆರಗನ್ನು ತುಟಿಗೆ ಒತ್ತಿಕೊಂಡಳು. "ಹೆಣ್ಣು. ಇಬ್ಬರೂ ಜೀವಂತ ಇದ್ದಾರೆ" ಎಂದಷ್ಟೇ ಹೇಳಿ ಬಾಯಿ ಮುಂದಿನ ಮಣಿಗೆ ಬೆರಳು ಸರಿಸಿದಳು. ಒಬ್ಬೊಬ್ಬರಾಗಿ ಹದಿಮೂರು ಜನ ಅಂಗಳದಲ್ಲಿ ಕೂತು ಮೂರು ಕಲ್ಲಿನ ಒಲೆಯ ಸುತ್ತ ತೇರ್ಸ್ ಮುಂದುವರಿಸಿದರು. ಕತ್ತಲೆ ಬಂತು. ದಿನಾ ಬರುವ ಹೊತ್ತಿಗೇ ಬಂತು, ಸೊಳ್ಳೆಯನ್ನೂ ತಂದಿತು.

ತೇರ್ಸ್ ಮುಗಿಯುವಾಗ ರೊಸಾರಿಯೊ ಹೊಸ್ತಿಲ ಮೇಲೆ ನಿಂತಿದ್ದ. ಒಳಗೂ ಇಲ್ಲ, ಹೊರಗೂ ಇಲ್ಲ. ಬೇರೆ ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ ಮೆಲ್ಲಗೆ ಕೇಳಿದ.

"ಬಾಯಿ... ಕ್ಯಾಂಡಲ್ ಹತ್ತಿತಾ?"

"ಮೊದಲ ಕಡ್ಡಿಗೆ. ಆರೂ ಹತ್ತಿತು, ಆರೂ ಮುಗಿಯಿತು." ಬಾಯಿ ಮೊಣಕಾಲಿಗೆ ಕೈಯೂರಿ ಎದ್ದಳು. "ಒಳಗೆ ಇನ್ನು ಆರು ಉಂಟಲ್ಲ, ಹಚ್ಚಿಕೊಂಡು ತಾ. ಪಾತ್ರೆಯಲ್ಲಿ ಕತ್ತರಿ ಕಾಣುವುದಿಲ್ಲ."

ರೊಸಾರಿಯೊ ಅಂಗಳದ ಕತ್ತಲೆಯನ್ನು ನೋಡಿದ, ಬಾಯಿಯನ್ನು ನೋಡಿದ. ಆಮೇಲೆ ಒಳಗೆ ಹೋಗಿ ಒಂದು ಬತ್ತಿ ಹಚ್ಚಿಕೊಂಡು, ಗಾಳಿಗೆ ಕೈ ಅಡ್ಡ ಹಿಡಿದು, ಹೊಸ್ತಿಲು ದಾಟಿ ಬಂದ.